ಮೂರು ಲೀಟರಿನ ಅಕ್ಕ

ಆಸ್ಪತ್ರೆಯಲ್ಲಿ ಉಸಿರು ಅಳೆಯುವ ಕೋಣೆಯ ಆ ಹೆಂಗಸನ್ನು ಎಲ್ಲರೂ ಲೀಟರಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದವರು ಹೆಸರು ಕೇಳಿ, ಪಾಪ, ಮೊದಲು ಹಾಲಿನ ವ್ಯಾಪಾರ ಇತ್ತೇನೋ ಅಂದುಕೊಳ್ಳುತ್ತಿದ್ದರು. ಹಾಲಿನ ಮಾತೇ ಇರಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು, ಕೊಳವೆಗೆ ಬಾಯಿ ಕೊಟ್ಟು, ಇನ್ನಿಲ್ಲ ಅನ್ನುವವರೆಗೆ ಊದಿದರೆ ಅವಳಿಂದ ಹೊರಗೆ ಬರುತ್ತಿದ್ದದ್ದು ಮೂರು ಲೀಟರು. ಚಳಿಯಿರಲಿ, ಸೆಕೆಯಿರಲಿ, ಹಿಂದಿನ ದಿನ ಮನೆಯಲ್ಲಿ ಜಗಳವೇ ಆಗಿರಲಿ, ಮೂರು ಅಂದರೆ ಮೂರು.

ಇದು ಜಂಬದ ಮಾತಲ್ಲ, ಕೆಲಸದ ಮಾತು. ಯಂತ್ರ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಎರಡು ದಾರಿಗಳಿದ್ದವು. ಒಂದು, ತೊಡೆಯಷ್ಟು ದಪ್ಪದ ಸಿರಿಂಜು. ಅದರಲ್ಲಿ ಮೂರು ಲೀಟರು ಗಾಳಿ ತುಂಬಿ ಯಂತ್ರದೊಳಕ್ಕೆ ನೂಕುವುದು. ಆದರೆ ಸಿರಿಂಜಿಗೆ ಜೀವವಿಲ್ಲ; ಅದರ ಗಾಳಿಗೆ ಬಿಸಿಯಿಲ್ಲ, ತೇವವಿಲ್ಲ, ಸುಸ್ತಿಲ್ಲ. ಹಾಗಾಗಿ ಎರಡನೆಯ ದಾರಿ: ಆರೋಗ್ಯವಾಗಿರುವ, ಅಳತೆ ಗೊತ್ತಿರುವ ಒಬ್ಬರು ವಾರಕ್ಕೊಮ್ಮೆ, ರೋಗಿಗಳು ಬರುವ ಮೊದಲು, ತಾವೇ ಊದಿ ನೋಡುವುದು. ಅವರ ಅಳತೆ ಎಂದಿನಂತೆ ಬಂದರೆ ಯಂತ್ರ ಸರಿಯಾಗಿದೆ. ಬರದಿದ್ದರೆ ಯಂತ್ರ ಕೆಟ್ಟಿದೆ. ಮನುಷ್ಯರನ್ನು ಅಳೆಯಲು ಯಂತ್ರ, ಯಂತ್ರವನ್ನು ಅಳೆಯಲು ಮನುಷ್ಯ. ಕೂತು ಯೋಚಿಸಿದರೆ ತಲೆ ತಿರುಗುವ ವ್ಯವಹಾರ, ಅದಕ್ಕೇ ಅಲ್ಲಿ ಯಾರೂ ಕೂತು ಯೋಚಿಸುತ್ತಿರಲಿಲ್ಲ. ಆ ಒಬ್ಬರು ಲೀಟರಕ್ಕ, ಅಷ್ಟೆ.

ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರವಿತ್ತು. ತಲೆಕೆಳಗಾದ ಮರದ ಹಾಗೆ ಶ್ವಾಸನಾಳ, ಅದು ಎರಡಾಗಿ ಒಡೆದು ಕವಲುನಾಳ, ಕವಲಿಗೆ ಕವಲು ಹುಟ್ಟಿ ಕಿರುನಾಳ, ಕೊನೆಯಲ್ಲಿ ಗೊಂಚಲು ಗೊಂಚಲಾಗಿ ವಾಯುಕೋಶ. ಕಲಿಯುವ ದಿನಗಳಲ್ಲಿ ಈ ಹೆಸರುಗಳನ್ನು ಉರು ಹೊಡೆದು ಬೇರೆಯವರಿಗೆಲ್ಲ ತಲೆನೋವು ಬಂದರೆ, ಅವಳಿಗೆ ಜೋಗುಳ ಕೇಳಿದ ಹಾಗೆ ನಿದ್ದೆ ಬಂದಿತ್ತು. ಈಗಲೂ ಅವು ಅವಳ ನಾಲಿಗೆಯ ಮೇಲೇ ಇದ್ದವು. ಹೆದರಿಕೊಂಡು ಬಂದ ರೋಗಿಗಳಿಗೆ ಆ ಹೆಸರುಗಳನ್ನೇ ಮೆತ್ತಗೆ ಬಿಡಿಸಿ ಹೇಳುವಳು. ನಮಗೆ ಗೊತ್ತಿಲ್ಲದೆ ಬಂದು ಹೋಗುವುದು ಅಲೆಗಾಳಿ. ಬೇಕಾದಾಗ ಒತ್ತಿ ತೆಗೆಯುವುದು ಮೀಸಲು ಗಾಳಿ. ಎಷ್ಟು ಊದಿದರೂ, ಹಟ ಮಾಡಿದರೂ ಎದೆಯೊಳಗೇ ಉಳಿದುಬಿಡುವುದು ಶೇಷಗಾಳಿ. ಇನ್ನು ಬರೀ ಕೊಳವೆಯಲ್ಲೇ ಬಂದು, ರಕ್ತಕ್ಕೆ ಏನೂ ಕೊಡದೆ ಹಾಗೇ ವಾಪಸು ಹೋಗುವ ಗಾಳಿಗೂ ಒಂದು ಜಾಗವಿದೆ, ಅದರ ಹೆಸರು ಸತ್ತ ಜಾಗ. ಜೊತೆಗೆ ಕೆಲಸ ಮಾಡುವ ಗುಂಡಣ್ಣ ಇದನ್ನು ಕೇಳಿದಾಗಲೆಲ್ಲ, ನಮ್ಮ ಆಸ್ಪತ್ರೆಯ ಮೇಲಿನ ಮಹಡಿಯ ಆಫೀಸಿನ ಹಾಗೆ, ಎಂದು ಸೇರಿಸುತ್ತಿದ್ದ. ಅವನು ಹೆಸರಿಗೆ ತಕ್ಕ ಹಾಗೆ ದುಂಡಗಿದ್ದ. ಕುರ್ಚಿಯಿಂದ ಏಳಬೇಕಾದರೆ ಮೊದಲು ಕುರ್ಚಿಯ ಅಪ್ಪಣೆ ಕೇಳುವಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ.

ಅವಳ ದಿನಗಳು ಹೀಗೆ ನಿದ್ದೆಗಣ್ಣಿನಲ್ಲಿ ನಡೆದಂತೆ ನಡೆಯುತ್ತಿದ್ದವು. ಗಾಜಿನ ಗೂಡಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು ಕೂರುವರು. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಅವಳು ಎಳೀರಿ, ಇನ್ನೂ ಎಳೀರಿ, ಈಗ ಊದಿ, ಊದಿ, ಬಿಡಬೇಡಿ ಎಂದು ಹುರಿದುಂಬಿಸುವಳು. ಪರದೆಯ ಮೇಲೆ ಒಂದು ಗುಡ್ಡದ ಗೆರೆ ಏಳುವುದು, ಇಳಿಯುವುದು. ಪ್ರತಿಯೊಬ್ಬರಿಗೂ ಅವರದೇ ಗುಡ್ಡ. ಸಂಜೆ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಾಚೆಯೂ ಅವಳಿಗೆ ಗುಡ್ಡಗಳೇ ಕಾಣುತ್ತಿದ್ದವು, ಊರು ಸಪಾಟಾಗಿದ್ದರೂ.

ಒಂದು ವಾರ ಅವಳು ಊದಿದಾಗ ಮೂರು ಬರಲಿಲ್ಲ. ಸ್ವಲ್ಪ ಕಡಿಮೆ ಬಂತು. ಮುಂದಿನ ವಾರ ಇನ್ನಷ್ಟು ಕಡಿಮೆ. ಗೆರೆಯ ಆಕಾರ ಮಾತ್ರ ಒಂಚೂರೂ ಕೆಟ್ಟಿರಲಿಲ್ಲ. ಅದೇ ಗುಡ್ಡ, ಆದರೆ ದೂರದಿಂದ ನೋಡಿದಂತೆ ಚಿಕ್ಕದು. ಆಕಾರ ಸರಿಯಿದ್ದು ಅಳತೆ ಮಾತ್ರ ಕುಗ್ಗಿದರೆ ಏನರ್ಥ? ಯಂತ್ರ ಕಡಿಮೆ ಓದುತ್ತಿದೆ ಎಂದರ್ಥ. ಗುಂಡಣ್ಣ ಹಾಗೇ ಅಂದ, ಆ ವಿಭಾಗದ ಡಾಕ್ಟರಮ್ಮನೂ ಹಾಗೇ ಅಂದರು, ಲೀಟರಕ್ಕನೂ ತಲೆಯಾಡಿಸಿದಳು. ಸಿರಿಂಜು ನೂಕಿ ನೋಡಿದರು. ಯಂತ್ರ ಮೂರು ಎಂದಿತು. ಅಂದಮೇಲೆ ಯಂತ್ರ ಸರಿ ಅನ್ನಬೇಕಲ್ಲ, ಅನ್ನಲಿಲ್ಲ. ಸಿರಿಂಜಿನ ರಬ್ಬರು ಸವೆದಿರಬೇಕು, ತಣ್ಣನೆಯ ಗಾಳಿಗೆ ಒಂದು ಓದು, ಬಿಸಿ ಉಸಿರಿಗೆ ಒಂದು ಓದು ತೋರಿಸುತ್ತಿರಬೇಕು ಎಂದು ಕಾರಣ ಹುಡುಕಿದರು. ಇಷ್ಟು ವರ್ಷದಿಂದ ಒಂದು ಕೂದಲೆಳೆಯಷ್ಟೂ ತಪ್ಪದ ಹೆಂಗಸನ್ನು ಬಿಟ್ಟು ಒಂದು ಸಿರಿಂಜನ್ನು ನಂಬುವುದುಂಟೇ?

ರಿಪೇರಿಯವನು ಬಂದ. ಸೋಸುಬಟ್ಟೆ ಬದಲಾಯಿಸಿದ, ಕೊಳವೆ ಬದಲಾಯಿಸಿದ, ಗಾಳಿಯ ವೇಗ ಹಿಡಿಯುವ ಚಕ್ರ ಬದಲಾಯಿಸಿದ. ಮತ್ತೆ ಬಂದು ಯಂತ್ರದ ಹೊಟ್ಟೆಯನ್ನೇ ಹೊತ್ತುಕೊಂಡು ಹೋಗಿ ಬೇರೆ ತಂದಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗೆ ಆ ಬಡಪಾಯಿ ಯಂತ್ರಕ್ಕೆ ಮೈತುಂಬ ಬರೆ ಬಿತ್ತು. ಈ ನಡುವೆ ನಿಜವಾಗಿಯೂ ಉಸಿರು ಕಡಿಮೆಯಿದ್ದ ರೋಗಿಗಳಿಗೆ, ಗಾಬರಿ ಬೇಡ, ಯಂತ್ರ ಸ್ವಲ್ಪ ಕೆಟ್ಟಿದೆ, ರಿಪೇರಿಯಾದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದೂ ಆಯಿತು. ಅವರು ಖುಷಿಯಿಂದಲೇ ಹೋದರು.

ಲೀಟರಕ್ಕನಿಗೆ ಸಣ್ಣ ಒಣಕೆಮ್ಮು ಹತ್ತಿತ್ತು. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕೆಳಗಿನ ಬೀದಿ ನೋಡುವ ಹೊಸ ಅಭ್ಯಾಸವೂ ಆಗಿತ್ತು. ಬೀದಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ನಿಲ್ಲುತ್ತೇನೆ ಎಂದು ಅವಳು ನಂಬಿದ್ದಳು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇವಳು ಪಾಪ ನೆಲವನ್ನೂ ದೂರಲಿಲ್ಲ, ಬೀದಿಯನ್ನು ಹೊಗಳಿದಳು.

ಮನೆ ಒಂದು ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಅದರ ಮೇಲೆ ಮರದ ಏಣಿ, ಏಣಿಯ ಮೇಲೆ ತಗಡಿನ ಮಾಡಿನ ಒಂದು ಅಟ್ಟ, ಅಟ್ಟದ ತುಂಬ ಅವಳ ಗಂಡನ ಪಾರಿವಾಳಗಳು. ಗಂಡ ಬೀಗದಕೈ ಮಾಡುವವರು. ಬೀದಿ ತಿರುವಿನಲ್ಲಿ ಬೀರುವಿನಷ್ಟು ದೊಡ್ಡ ಅಂಗಡಿ, ಒಂದು ಅರ, ಒಂದು ಇಕ್ಕಳ, ಗೋಡೆ ತುಂಬ ನೇತಾಡುವ ಹಿತ್ತಾಳೆ ಬೀಗದಕೈಗಳು. ಮಾತು ಮೊದಲಿನಿಂದಲೂ ಕಡಿಮೆ. ಅವರ ಅಣ್ಣ ತೀರಿಕೊಂಡ ವರ್ಷ ಅದೂ ನಿಂತುಹೋಯಿತು. ಊಟಕ್ಕೆ ಕೂತರೆ ತಟ್ಟೆಯ ಸದ್ದು, ಮಲಗಿದರೆ ಗಡಿಯಾರದ ಸದ್ದು. ಗೋಡೆಯ ಜೊತೆ ಸಂಸಾರ ಮಾಡಿದ ಹಾಗಿತ್ತು. ಒಂದು ದಿನ ರೆಕ್ಕೆ ಮುರಿದ ಪಾರಿವಾಳವೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದರು. ಅದಕ್ಕೆ ನೀರು ಕುಡಿಸುತ್ತ, ಏನಮ್ಮಾ, ನೋವಾ, ಅಂದರು. ಅಷ್ಟು ದಿನಗಳ ಮೇಲೆ ಆ ಮನೆಯಲ್ಲಿ ಗಂಡಸಿನ ದನಿ ಕೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿದ್ದ ಲೀಟರಕ್ಕ ಸೌಟು ಹಿಡಿದುಕೊಂಡೇ ಅತ್ತುಬಿಟ್ಟಿದ್ದಳು.

ಆಮೇಲೆ ಒಂದು ಎರಡಾಯಿತು, ಎರಡು ಅಟ್ಟದ ತುಂಬ ಆಯಿತು. ಅವರು ಹಕ್ಕಿಗಳ ಜೊತೆ ಮಾತಾಡುತ್ತ ಹೆಂಡತಿಯ ಜೊತೆಗೂ ಮಾತಾಡತೊಡಗಿದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅಟ್ಟ ಗುಡಿಸುವ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಳು. ತಗಡಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿಯುತ್ತಿದ್ದವು. ಪೊರಕೆ ಆಡಿಸಿದರೆ ರೆಕ್ಕೆಯ ಬಿಳಿ ಪುಡಿ ಎದ್ದು ಆ ಕೋಲುಗಳಲ್ಲಿ ತೇಲುತ್ತಿತ್ತು. ಗುಟುರ್ ಗುಟುರ್ ಎಂಬ ಸದ್ದಿನ ನಡುವೆ, ಆ ತೇಲುವ ಪುಡಿಯ ನಡುವೆ, ಅವಳು ಎಷ್ಟೋ ಹೊತ್ತು ಸುಮ್ಮನೆ ನಿಂತು ಆಳವಾಗಿ ಉಸಿರಾಡುತ್ತಿದ್ದಳು. ಅವಳ ಪಾಲಿಗೆ ಅದು ಸಂಸಾರ ಮತ್ತೆ ಚಿಗುರಿದ ಜಾಗ.

ಯಂತ್ರ ಹೊಸದಾಗಿ ಬಂದ ಮೇಲೆಯೂ ಅವಳ ಗುಡ್ಡ ಚಿಕ್ಕದಾಗೇ ಬಂದಾಗ ಎಲ್ಲರೂ ಸೋತು ಸುಮ್ಮನೆ ಕೂತರು. ಬೇಸರಕ್ಕೆಂದು ಗುಂಡಣ್ಣ ತಾನೇ ಗಾಜಿನ ಗೂಡಿನೊಳಗೆ ತೂರಿಕೊಂಡ. ಕೆಲಸಕ್ಕೆ ಸೇರಿದಾಗ ಒಮ್ಮೆ ಊದಿದ್ದ, ಆ ಅಳತೆ ಅವನಿಗೆ ನೆನಪಿತ್ತು. ಊದಿದ. ಅದೇ ಅಳತೆ ಬಂತು. ಪಕ್ಕದ ಕೋಣೆಯ ನರ್ಸನ್ನು ಕರೆದು ಊದಿಸಿದ, ಅವಳದೂ ವಯಸ್ಸು, ಎತ್ತರಕ್ಕೆ ತಕ್ಕಷ್ಟೇ ಬಂತು. ಡಾಕ್ಟರಮ್ಮ ಊದಿದರು, ಅವರದೂ ಸರಿ. ಆಮೇಲೆ ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗುಂಡಣ್ಣ ಗೂಡಿನಿಂದ ಹೊರಗೆ ಬರಲು ಮರೆತು ಕೊಳವೆಯನ್ನು ಕೈಯಲ್ಲಿ ಹಿಡಿದೇ ಕೂತಿದ್ದ. ಕೊನೆಗೆ ಲೀಟರಕ್ಕನೇ, ಹಾಗಾದರೆ ಕೆಟ್ಟಿರುವುದು ನಾನು, ಎಂದು ಬಹಳ ಸಾಧಾರಣವಾದ ದನಿಯಲ್ಲಿ ಹೇಳಿದಳು.

ಎದೆಯ ಚಿತ್ರ ತೆಗೆದರು, ರಕ್ತ ನೋಡಿದರು. ಶ್ವಾಸಕೋಶದ ತುಂಬ ತೆಳುವಾದ ಮಬ್ಬು, ಬೆಳಗಿನ ಕಿಟಕಿಗೆ ಉಸಿರು ಬಿಟ್ಟ ಹಾಗೆ. ಡಾಕ್ಟರಮ್ಮ ಆ ಮಬ್ಬನ್ನು ಬಹಳ ಹೊತ್ತು ನೋಡಿದರು. ಅವರು ವಯಸ್ಸಿನಲ್ಲಿ ಲೀಟರಕ್ಕನಿಗಿಂತ ಚಿಕ್ಕವರು, ಕೆಲಸದ ಮೊದಲ ದಿನಗಳಲ್ಲಿ ಅವಳ ಡಬ್ಬಿಯ ಊಟ ಹಂಚಿಕೊಂಡು ತಿಂದವರು.

"ಮನೇಲಿ ಹಕ್ಕಿ ಗಿಕ್ಕಿ ಏನಾದ್ರೂ ಸಾಕಿದ್ದೀರಾ ಅಕ್ಕಾ? ಪಾರಿವಾಳ, ಗಿಳಿ, ಕೋಳಿ?"

ಲೀಟರಕ್ಕನಿಗೆ ಆ ಕಾಯಿಲೆಯ ಹೆಸರು ಗೊತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಪಾರಿವಾಳ ಸಾಕುವವರ ಶ್ವಾಸಕೋಶ ಎಂದೇ ಹೆಸರು. ರೆಕ್ಕೆಯ ಪುಡಿ ವಾಯುಕೋಶದ ತನಕ ಇಳಿದು, ಅಲ್ಲಿ ಮೈಯೇ ಅದರ ಮೇಲೆ ಯುದ್ಧ ಹೂಡುತ್ತದೆ. ಎಲ್ಲರಿಗೂ ಬರುವುದಿಲ್ಲ, ಒಬ್ಬರಿಗೆ ಬಂದು ಪಕ್ಕದವರಿಗೆ ಏನೂ ಆಗದೆ ಇರಬಹುದು. ಸಾಕುವವರು ಗಂಡ, ಶ್ವಾಸಕೋಶ ಇವಳದು. ಮದ್ದಿಗಿಂತ ಮೊದಲ ಚಿಕಿತ್ಸೆ ಹಕ್ಕಿಗಳನ್ನು ಬಿಡುವುದು. ಅವಳಿಗೆ ಅಟ್ಟ ಖಾಲಿಯಾಗಿದ್ದು ಕಾಣಿಸಿತು. ತಟ್ಟೆಯ ಸದ್ದು, ಗಡಿಯಾರದ ಸದ್ದು ಕೇಳಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳ ಕೈಯೂ ತನಗೆ ತಿಳಿಯದೆ, ಗರಿಯೇನಾದರೂ ಅಂಟಿದೆಯೋ ಎಂದು ಹೆಗಲಿನ ಮೇಲೆ ಹೋಯಿತು.

"ಇಲ್ಲಮ್ಮ," ಅಂದಳು.

ಬೇರೆ ಯಾರಾದರೂ ಹಾಗೆಂದಿದ್ದರೆ ಡಾಕ್ಟರಮ್ಮ ಇನ್ನೆರಡು ಸಲ ಕೇಳುತ್ತಿದ್ದರು. ಹೇಳಿದವಳು ಲೀಟರಕ್ಕ. ಅವಳು ಮೂರು ಅಂದರೆ ಮೂರು, ಇಲ್ಲ ಅಂದರೆ ಇಲ್ಲ. ಮೊದಲು ಅವಳನ್ನು ನಂಬಿ ಯಂತ್ರವನ್ನು ಬಿಚ್ಚಿದ್ದರು, ಈಗ ಅವಳನ್ನೇ ನಂಬಿ ಬೇರೆ ಕಾರಣ ಹುಡುಕಹೊರಟರು. ಗಂಡನ ಕೆಲಸವೇನು ಎಂದು ಕೇಳಿದರು. ಬೀಗದಕೈ ಮಾಡುತ್ತಾರೆ ಎಂದು ತಿಳಿದದ್ದೇ, ಹಾಗಾದರೆ ಲೋಹದ ಪುಡಿ ಬಟ್ಟೆಯ ಜೊತೆ ಮನೆಗೆ ಬರುತ್ತಿರಬಹುದು, ಅವರು ಮನೆಯೊಳಗೆ ಬರುವ ಮೊದಲೇ ಬಟ್ಟೆ ಬದಲಾಯಿಸಲಿ ಎಂದರು. ಮಾತ್ರೆ ಬರೆದರು. ಲೀಟರಕ್ಕ ತಲೆಯಾಡಿಸಿದಳು. ಆಡಿದ ಮಾತು ಇನ್ನೂ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

ಲೋಹದ ಪುಡಿಯ ವಿಷಯ ಕೇಳಿದ ಗಂಡ ಮರುದಿನದಿಂದ ಕೆಳಗಿನ ನಲ್ಲಿಯ ಹತ್ತಿರವೇ ಕೈಕಾಲು ತಲೆ ತೊಳೆದು, ಬಟ್ಟೆ ಬದಲಾಯಿಸಿ, ಒದ್ದೆ ಕೂದಲಿನಲ್ಲೇ ಮೆಟ್ಟಿಲು ಹತ್ತಿ ಬರತೊಡಗಿದರು. ಅವಳ ಕೆಮ್ಮು ನಿಲ್ಲಲಿಲ್ಲ. ಒಂದು ಸಂಜೆ ಅವಳು ಬಸ್ಸಿಳಿದು ಬರುವಾಗ ತಿರುವಿನ ಅಂಗಡಿಗೆ ಬಾಗಿಲು ಹಾಕಿತ್ತು, ಬಾಗಿಲಿಗೆ ಬೀಗ. ಅವರು ಮನೆಯಲ್ಲಿ ಕೂತು ಹಿತ್ತಾಳೆ ಕೈಗಳನ್ನೆಲ್ಲ ಒಂದು ಡಬ್ಬಕ್ಕೆ ತುಂಬುತ್ತಿದ್ದರು. ಸ್ವಲ್ಪ ದಿನ ಕೆಲಸ ಬೇಡ ಅನ್ನಿಸಿತು ಎಂದರು. ಆಮೇಲೆ ಅಟ್ಟಕ್ಕೆ ಹೋಗಿ ಪಾರಿವಾಳಗಳಿಗೆ ಕಾಳು ಹಾಕಿದರು. ತಾನು ಉಳಿಸಲು ಹೊರಟದ್ದು ಯಾವುದು, ಕಳೆಯುತ್ತಿರುವುದು ಯಾವುದು ಎಂದು ಲೀಟರಕ್ಕನಿಗೆ ಆ ಹೊತ್ತಿನಲ್ಲೇ ತಿಳಿಯಿತು. ತಿಳಿದರೂ ಬಾಯಿ ಬರಲಿಲ್ಲ. ಒಂದು ಸುಳ್ಳನ್ನು ಹೊರಗೆ ಹಾಕಲು ಎಷ್ಟು ಗಾಳಿ ಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಅವಳು ಗಾಜಿನ ಗೂಡಿನಲ್ಲೇ ಕೂತು ತೂಕಡಿಸುತ್ತಿದ್ದಳು. ಕಣ್ಣು ಮುಚ್ಚಿದರೆ ಗೋಡೆಯ ಚಿತ್ರದೊಳಗೆ ಇಳಿದುಬಿಡುವಳು. ಶ್ವಾಸನಾಳ ಒಂದು ಅಗಲವಾದ ಬೀದಿ. ಅದರ ಗೋಡೆಗಳು ಒದ್ದೆಯಾಗಿ, ಬೆಚ್ಚಗೆ, ಮೆಲ್ಲಗೆ ಅಲುಗುತ್ತಿದ್ದವು. ಬೀದಿ ಕವಲೊಡೆಯಿತು. ಅವಳು ಬಲಕ್ಕೆ ತಿರುಗಿದಳು. ಅದೂ ಕವಲೊಡೆಯಿತು. ಓಣಿ, ಓಣಿಯೊಳಗೆ ಓಣಿ, ಕೊನೆಗೆ ಒಬ್ಬರೇ ಮೈ ಓರೆ ಮಾಡಿ ನಡೆಯುವಷ್ಟು ಸಂದಿ. ಸಂದಿಯ ಕೊನೆಯಲ್ಲಿ ಸಾಲು ಸಾಲು ಪುಟ್ಟ ಕೋಣೆಗಳು, ಕಿಟಕಿಗೆಲ್ಲ ತೆಳುವಾದ ಬಿಳಿ ಪರದೆ. ಯಾರೋ ಒಳಗಿನಿಂದ ಬಾಗಿಲು ತಟ್ಟುತ್ತಿದ್ದರು. ಅವಳು ನೂಕಿದಳು, ಬಾಗಿಲು ಹಿಟ್ಟಿನಂಥ ಪುಡಿಯಲ್ಲಿ ಹೂತುಹೋಗಿತ್ತು. ಒಂದು ಕೋಣೆಯೊಳಗೆ ಗಂಡ ಬೆನ್ನು ಹಾಕಿ ಕೂತಿದ್ದರು. ಕರೆದರೆ ತಿರುಗುತ್ತಿರಲಿಲ್ಲ. ಬಾಗಿಲು ತಟ್ಟುತ್ತಿದ್ದವರು ಯಾರು ಎಂದು ನೋಡುವಷ್ಟರಲ್ಲಿ ಗುಂಡಣ್ಣ ಗಾಜು ಬಡಿದು, ಅಕ್ಕಾ, ಪೇಷೆಂಟ್ ಬಂದಿದ್ದಾರೆ ಎಂದು ಎಬ್ಬಿಸಿದ.

ಮಾತ್ರೆ ನಾಟದ್ದನ್ನು ಕಂಡ ಡಾಕ್ಟರಮ್ಮ ರಜೆ ಹಾಕಿಸಿ, ಎಲ್ಲಾದರೂ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಳಿಸಿದರು. ಅವಳು ಬೇರೆ ಊರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಹೋದಳು. ಅಕ್ಕ ಬಾಯಿ ಮುಚ್ಚದೆ ಮಾತಾಡುವವಳು, ಪಕ್ಕದ ಮನೆಯ ಸೊಸೆಯಿಂದ ಹಿಡಿದು ದೇಶದ ಆಡಳಿತದ ತನಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬೈಯುವವಳು. ಆ ಗದ್ದಲದ ನಡುವೆ ಲೀಟರಕ್ಕನ ಕೆಮ್ಮು ಯಾವಾಗ ಹೋಯಿತೋ ತಿಳಿಯಲಿಲ್ಲ. ವಾಪಸು ಬಂದು ಊದಿದರೆ ಗುಡ್ಡ ಎದ್ದಿತ್ತು. ಗುಂಡಣ್ಣ ಕುರ್ಚಿಯ ಅಪ್ಪಣೆ ಕೇಳದೆ ಎದ್ದು ನಿಂತ. ಮನೆಗೆ ಬಂದು ಸ್ವಲ್ಪ ದಿನಕ್ಕೆ ಗುಡ್ಡ ಮತ್ತೆ ಕುಸಿಯಿತು. ಇನ್ನೊಮ್ಮೆ ಅಕ್ಕನ ಮನೆಗೆ ಹೋದಳು, ಮತ್ತೆ ಏರಿತು. ಬಂದಳು, ಇಳಿಯಿತು.

ಇದನ್ನು ಆಸ್ಪತ್ರೆಯವರು ಗಮನಿಸಿ, ವಿಶ್ರಾಂತಿಯ ಗುಣ ಎಂದುಕೊಂಡರು. ಇನ್ನೊಬ್ಬರೂ ಗಮನಿಸುತ್ತಿದ್ದರು. ಒಂದು ಸಂಜೆ ಅವಳು ಮೆಟ್ಟಿಲ ನಡುವೆ ನಿಂತು, ಬೀದಿಯ ನೆಪವೂ ಇಲ್ಲದೆ ಕಂಬಿ ಹಿಡಿದು, ಹೇಗೋ ಮೇಲೆ ಬಂದಾಗ ಗಂಡ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಚೀಲ. ಚೀಲದ ಮೇಲೆ ಮಡಿಸಿದ ಹೊದಿಕೆ.

"ನೀನು ಕೂತ್ಕೋ ಮೊದಲು," ಅಂದರು. ಅವಳ ಉಸಿರು ಹತೋಟಿಗೆ ಬರುವ ತನಕ ಕಾದರು. "ನಿನ್ನ ಅಕ್ಕನ ಮನೇಲಿ ನಿನಗೆ ಉಸಿರು ಬರುತ್ತೆ. ಇಲ್ಲಿಗೆ ಬಂದ್ರೆ ಹೋಗುತ್ತೆ. ಬಟ್ಟೆ ಬದಲಾಯಿಸಿದೆ, ಆಗಲಿಲ್ಲ. ಅಂಗಡಿ ಮುಚ್ಚಿದೆ, ಆಗಲಿಲ್ಲ. ಇನ್ನು ಈ ಮನೇಲಿ ಉಳಿದಿರೋದು ನಾನೊಬ್ಬನೇ."

ಅವಳು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು. ಇಷ್ಟು ಉದ್ದದ ಮಾತನ್ನು ಅವರು ಎಷ್ಟು ದಿನದಿಂದ ಜೋಡಿಸಿಟ್ಟುಕೊಂಡಿದ್ದರೋ, ನಡುವೆ ತುಂಡಾದರೆ ಮತ್ತೆ ಜೋಡಿಸಲಾರರು.

"ಅಣ್ಣ ಹೋದಾಗ ನಾನು ಮಾತು ಬಿಟ್ಟು ಕೂತಿದ್ನಲ್ಲ, ಆವಾಗಲೇ ನಿನಗೆ ಉಸಿರು ಕಟ್ಟಿರಬೇಕು. ಈಗ ಹೊರಗೆ ಬಂದಿದೆ. ಅಂಗಡೀಲಿ ಮಲಗ್ತೀನಿ ನಾನು, ಬೇಕಾದಷ್ಟು ಜಾಗ ಇದೆ. ಹಕ್ಕಿಗಳಿಗೆ ಮಾತ್ರ ನೀನು ಬೆಳಿಗ್ಗೆ ಸ್ವಲ್ಪ ಕಾಳು ಹಾಕು."

ಆ ಅಂಗಡಿಯಲ್ಲಿ ಕಾಲು ಚಾಚುವುದಿರಲಿ, ಸ್ಟೂಲು ತಿರುಗಿಸಲೂ ಜಾಗವಿರಲಿಲ್ಲ. ಲೀಟರಕ್ಕನಿಗೆ ಅಳು ಬಂತು, ಅಳಲು ಬೇಕಾದ ಗಾಳಿ ಇರಲಿಲ್ಲ. ಅವಳು ಅವರ ಚೀಲದ ಹಿಡಿ ಹಿಡಿದುಕೊಂಡಳು.

"ನೀವಲ್ಲ ರೀ," ಅಂದಳು. "ಪಾರಿವಾಳ."

"ಪಾರಿವಾಳಕ್ಕೆ ಏನಾಯ್ತು?"

ಆಗ ಅವಳು ಎಲ್ಲ ಹೇಳಿದಳು. ತುಂಡು ತುಂಡಾಗಿ, ನಡುವೆ ನಿಂತು ಉಸಿರೆಳೆದುಕೊಂಡು ಹೇಳಿದಳು. ರೆಕ್ಕೆಯ ಪುಡಿ, ವಾಯುಕೋಶ, ಪುಸ್ತಕದಲ್ಲಿರುವ ಆ ಹೆಸರು, ಡಾಕ್ಟರಮ್ಮ ಕೇಳಿದ್ದು, ತಾನು ಇಲ್ಲ ಅಂದದ್ದು. ಹಿತ್ತಾಳೆ ಪುಡಿಯ ಮೇಲೆ ತಪ್ಪು ಬಿದ್ದಾಗ ಸುಮ್ಮನಿದ್ದದ್ದು, ಅಂಗಡಿಯ ಬೀಗ ಕಂಡೂ ಸುಮ್ಮನಿದ್ದದ್ದು. ಕೇಳುತ್ತ ಕೇಳುತ್ತ ಅವರ ಮುಖ ಮೊದಲು ಏನೂ ಅರ್ಥವಾಗದವರ ಹಾಗಿತ್ತು. ಆಮೇಲೆ ಅವರು, ಅಷ್ಟೇನಾ, ಬರೀ ಹಕ್ಕಿಗಳಾ ಅಂದರು. ನಗು ಬಂತು ಅವರಿಗೆ. ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಭುಜ ಅಲುಗುವ ಹಾಗೆ ನಕ್ಕರು, ಹೊದಿಕೆ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಚೀಲವನ್ನು ಒಳಗೆ ಇಟ್ಟು ಬಂದರು.

ಮರುದಿನ ಅವಳು ಡಾಕ್ಟರಮ್ಮನಿಗೆ ನಿಜ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ, ಅದಕ್ಕಿಂತ ಕಷ್ಟವಾದದ್ದು ಮಾಡಿದರು: ಇನ್ನು ನಿಮ್ಮನ್ನು ಏನಾದರೂ ಕೇಳಿದರೆ ಎರಡು ಸಲ ಕೇಳಬೇಕಾಗುತ್ತದೆ ಅಕ್ಕಾ ಎಂದರು. ವಾರಕ್ಕೊಮ್ಮೆ ಊದುವ ಕೆಲಸ ಗುಂಡಣ್ಣನ ಪಾಲಿಗೆ ಬಂತು. ಸೇರಿಗೆ ಸವ್ವಾಸೇರು, ಅಕ್ಕನಿಗೆ ಮೂರಾದರೆ ನನಗೆ ನಾಲ್ಕು ಎಂದು ಅವನು ತಮಾಷೆಗೆ ಅಂದ. ಅಂದಮೇಲೆ ತಾನೇ ನಗಲಾರದೆ ಮುಖ ತಿರುಗಿಸಿಕೊಂಡ.

ಪಾರಿವಾಳಗಳನ್ನು ಗಂಡ ಬುಟ್ಟಿಗಳಲ್ಲಿ ತುಂಬಿಕೊಂಡು, ನದಿಯಾಚೆ ಹಕ್ಕಿ ಸಾಕುವ ಗೆಳೆಯನೊಬ್ಬನಿಗೆ ಕೊಟ್ಟು ಬಂದರು. ಅವರು ಬಸ್ಸಿನಲ್ಲಿ ಮನೆ ಮುಟ್ಟುವ ಮೊದಲೇ ಹಕ್ಕಿಗಳು ಹಾರಿ ಬಂದು ಅಟ್ಟದ ಮೇಲೆ ಕೂತಿದ್ದವು. ಮತ್ತೆ ಕೊಟ್ಟು ಬಂದರು, ಗೆಳೆಯ ಬಹಳ ದಿನ ಗೂಡಿನಲ್ಲೇ ಇಟ್ಟುಕೊಂಡ. ಬಿಟ್ಟ ದಿನವೇ ಅವು ಮತ್ತೆ ಬಂದವು. ಮುಚ್ಚಿದ ಕಿಟಕಿಯ ಹಿಂದೆ ನಿಂತು ಅವರು ನೋಡುತ್ತಿದ್ದರು. ಕಾಳು ಹಾಕಲಿಲ್ಲ, ಓಡಿಸಲೂ ಇಲ್ಲ. ಅಟ್ಟದ ಮರದ ಸಂದಿಗಳಲ್ಲಿ ಕೂತ ಪುಡಿ ತೊಳೆದರೂ ತಿಂಗಳುಗಟ್ಟಲೆ ಹೋಗುವುದಿಲ್ಲ ಎಂದು ಡಾಕ್ಟರಮ್ಮ ಬೇರೆ ಹೇಳಿದ್ದರು. ಕೊನೆಗೆ ಅವರೇ, ಹಕ್ಕಿಗೆ ಮನೆ ಬದಲಾಯಿಸೋಕೆ ಬರಲ್ಲ, ನಮಗೆ ಬರುತ್ತೆ, ಅಂದರು. ಕೆಳಗಿನ ಮನೆಯ ಇಸ್ತ್ರಿಯವನು ಅಟ್ಟವನ್ನೂ ಹಕ್ಕಿಗಳನ್ನೂ ನೋಡಿಕೊಳ್ಳಲು ಒಪ್ಪಿದ. ಇಬ್ಬರೂ ಹಾಸಿಗೆಯನ್ನೂ ಸೇರಿಸಿ ಹಳೆಯದನ್ನೆಲ್ಲ ಬಿಟ್ಟು, ಊರಿನ ಇನ್ನೊಂದು ತುದಿಯಲ್ಲಿ ಎರಡು ಕೋಣೆಯ ಮನೆಗೆ ಹೋದರು.

ಹೊಸ ಮನೆ ನೆಲಮಟ್ಟದಲ್ಲಿತ್ತು. ಗೋಡೆಗೆ ಸುಣ್ಣದ ವಾಸನೆ, ಕಿಟಕಿಗೆ ಅಗಲವಾದ ಕಟ್ಟೆ. ಕೆಮ್ಮು ದಿನದಿನಕ್ಕೆ ಕರಗಿತು. ಅವಳ ಗುಡ್ಡ ಮತ್ತೆ ಎದ್ದಿತು, ಮೂರನ್ನು ಮಾತ್ರ ಮುಟ್ಟಲಿಲ್ಲ. ಹೋದದ್ದರಲ್ಲಿ ಸ್ವಲ್ಪ ಹೋಗಿಯೇಬಿಟ್ಟಿತ್ತು. ಗಂಡ ಮತ್ತೆ ಅಂಗಡಿ ತೆರೆದರು. ಸಂಜೆ ಬಂದು ಏನಾದರೊಂದು ಮಾತಾಡುತ್ತಿದ್ದರು, ಅವಳು ಹೆದರಿದ್ದ ಮೌನ ಬರಲಿಲ್ಲ. ಆದರೂ ಅವರ ಮಾತಿನಲ್ಲಿ ಏನೋ ಒಂದು ತಡೆದು ನಿಂತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಕ್ಕಿಗಳ ದುಃಖ ಎಂದುಕೊಂಡಳು.

ಒಂದು ರಜಾದಿನದ ಮಧ್ಯಾಹ್ನ ಅವರು ಕಿಟಕಿ ಕಟ್ಟೆಯ ಮೇಲೆ ಕೂತಿದ್ದರು. ಹೊರಗೆ ಬೀದಿ ಬಿಸಿಲಿನಲ್ಲಿ ಮಲಗಿತ್ತು, ದೂರದಲ್ಲಿ ಯಾರೋ ಏನೋ ಬಡಿಯುವ ಸದ್ದು ನೀರಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ಅವಳು ಹತ್ತಿರ ಹೋಗಿ, ಹಕ್ಕಿಗಳ ನೆನಪಾ ಎಂದು ಕೇಳಿದಳು.

"ಹೂಂ, ನೆನಪಿದೆ. ಸುಳ್ಳು ಯಾಕೆ ಹೇಳಲಿ," ಅಂದರು. ಬೀದಿಯನ್ನೇ ನೋಡುತ್ತ ಹೇಳಿದರು, "ಆದ್ರೆ ಬೇಜಾರು ಅದಲ್ಲ. ಊರೋರ ಎದೆಯೆಲ್ಲ ಅಳೀತೀಯ ನೀನು. ನಿನ್ನ ಉಸಿರಿಗಿಂತ ನನಗೆ ಹಕ್ಕಿಗಳೇ ಹೆಚ್ಚು ಅಂತ ನನ್ನದೂ ನೀನೇ ಅಳೆದುಬಿಟ್ಟೆ. ನನ್ನನ್ನ ಒಂದು ಮಾತೂ ಕೇಳಲಿಲ್ಲ."

ಅವಳು ಕಟ್ಟೆಯ ಅಂಚು ಹಿಡಿದುಕೊಂಡಳು.

"ನನಗೆ ಊದಿ ತೋರಿಸೋಕೆ ಬರಲ್ಲ," ಅಂದರು ಅವರು. "ಇಷ್ಟು ವರ್ಷ ಜೊತೇಲಿ ಇದ್ದೀನಲ್ಲ, ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ."

ಲೀಟರಕ್ಕ ನಿಂತಲ್ಲೇ ಅತ್ತಳು. ತಪ್ಪಾಯ್ತು ರೀ ಅಂದಳು, ಅದನ್ನೇ ಮತ್ತೆ ಅಂದಳು. ಈಗ ಅಳಲು ಬೇಕಾದಷ್ಟು ಉಸಿರಿತ್ತು, ಅವಳು ಅದನ್ನೆಲ್ಲ ಖರ್ಚು ಮಾಡಿದಳು. ಅವರು ಸಮಾಧಾನ ಹೇಳಲಿಲ್ಲ, ಅವಳತ್ತ ತಿರುಗಲೂ ಇಲ್ಲ. ಕಟ್ಟೆಯ ಮೇಲೆ ಸ್ವಲ್ಪ ಆಚೆ ಸರಿದು, ಅವಳು ಕೂರುವಷ್ಟು ಜಾಗ ಮಾಡಿದರು.